ಸತ್ತ ಪ್ರಾಣಿಯ ಮೇಲಿನ ಎಂಜಲು ನೋಡಿ ‘ಕೊಂದದ್ದು ಬೆಕ್ಕೇ’ ಅಂತ ಹೇಳಬಹುದಾ?

ಕಲಾಮುಂಡಾ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಪರ್ತ್‌ನ ಪೂರ್ವಕ್ಕೆ, ಕಲಾಮುಂಡಾ ಗುಡ್ಡದ ಕಡೆ. ಹಿತ್ತಲ ಬೇಲಿ ದಾಟಿದರೆ ಜಾರಾ ಮರದ ಕಾಡೇ ಶುರು. ಮನೆಯಲ್ಲಿ ಗುಂಡ ಅಂತ ಒಂದು ಗಂಡು ಬೆಕ್ಕಿದೆ, ಐದು ವರ್ಷದ್ದು. ಆಪರೇಷನ್ ಮಾಡಿಸಿದ್ದೇವೆ, ಮೈಕ್ರೊಚಿಪ್ ಇದೆ, ಕೌನ್ಸಿಲ್‌ನಲ್ಲಿ ನೋಂದಣಿಯೂ ಆಗಿದೆ. ಇಲ್ಲಿ 2011ರ ಬೆಕ್ಕಿನ ಕಾಯಿದೆ ಪ್ರಕಾರ ಈ ಮೂರೂ ಕಡ್ಡಾಯ. ಹಗಲೆಲ್ಲ ಹೊರಗೆ ಓಡಾಡಿಕೊಂಡಿರುತ್ತಾನೆ, ಕೆಲವು ರಾತ್ರಿ ತಡವಾಗಿ ಬರುತ್ತಾನೆ.

ಹೋದ ವಾರ ಪಕ್ಕದ ಮನೆ ಅಜ್ಜಿ ಬಂದು ಬಾಗಿಲು ತಟ್ಟಿದರು. ಅವರ ತೋಟದಲ್ಲಿ ಒಂದು ಕ್ವೆಂಡಾ ಮರಿ ಸತ್ತು ಬಿದ್ದಿತ್ತು. ನೋಡದವರಿಗೆ ಹೇಳುವುದಾದರೆ, ಕ್ವೆಂಡಾ ಅಂದರೆ ಮೊಲಕ್ಕಿಂತ ಚಿಕ್ಕದಾದ, ಉದ್ದ ಮೂತಿಯ, ಹೊಟ್ಟೆಚೀಲದ ಪ್ರಾಣಿ. ರಾತ್ರಿ ಹೊತ್ತು ಮಣ್ಣು ಕೆದಕಿ ಹುಳು, ಗೆಡ್ಡೆ, ಅಣಬೆ ತಿನ್ನುತ್ತದೆ. ಅಜ್ಜಿ ಅವಕ್ಕೆ ಅಂತಲೇ ಪೊದೆ ಬೆಳೆಸಿದ್ದಾರೆ. ಮರಿಯ ಕತ್ತಿನ ಹತ್ತಿರ ಗಾಯ ಇತ್ತು, ಮೈಯೆಲ್ಲ ಹಾಗೇ ಇತ್ತು. ಅಜ್ಜಿ ನನ್ನ ಮೇಲೆ ರೇಗಲಿಲ್ಲ. ಆದರೆ ಹೋಗುವಾಗ, “ಈಗ ಗಾಯದ ಮೇಲಿನ ಎಂಜಲು ಒರೆಸಿ ಡಿಎನ್ಎ ನೋಡ್ತಾರಂತೆ, ಬೆಕ್ಕೋ ನರಿಯೋ ಗೊತ್ತಾಗುತ್ತಂತೆ” ಅಂದರು.

ಅವತ್ತಿನಿಂದ ತಲೆಯಲ್ಲಿ ಇದೇ. ಇದು ನಿಜವಾಗಿಯೂ ಆಗುವ ಮಾತಾ? ಬೆಕ್ಕು ಅಂತ ಗೊತ್ತಾದರೂ ನಮ್ಮ ಗುಂಡನೇ ಅಂತ ಹೇಳುವುದಕ್ಕೆ ಆಗುತ್ತಾ? ಬೆಕ್ಕಿನ ಹಿಕ್ಕೆ ಪರೀಕ್ಷೆ ಮಾಡಿದರೆ ಅದು ಏನೇನು ತಿಂದಿದೆ ಅಂತ ಪಟ್ಟಿ ಸಿಗುತ್ತೆ ಅಂತಲೂ ಎಲ್ಲೋ ಓದಿದೆ. ಅವನು ಇಲ್ಲಿಯವರೆಗೆ ಮನೆಗೆ ತಂದದ್ದು ಒಂದೆರಡು ಇಲಿ, ಒಂದು ಹಲ್ಲಿ, ಅಷ್ಟೇ. ಹೊಟ್ಟೆ ತುಂಬ ಊಟ ಹಾಕುತ್ತೇವೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಮೆಲ್ಬರ್ನ್_ಮಂಜು

ಕತ್ತಿಗೆ ಗಂಟೆ ಕಟ್ಟಿ ಮೇಡಂ, ಅರ್ಧ ಸಮಸ್ಯೆ ಮುಗಿಯುತ್ತದೆ. ನಮ್ಮ ಮನೆಯ ಎರಡಕ್ಕೂ ಕಟ್ಟಿದ್ದೇವೆ. ಡಿಎನ್ಎ ಗಿಎನ್ಎ ಎಲ್ಲ ಪೊಲೀಸರ ಕೆಲಸ, ಒಂದು ಕ್ವೆಂಡಾಕ್ಕೆ ಯಾರು ಮಾಡಿಸುತ್ತಾರೆ?

---

ಶಿರಸಿಯಿಂದ_ಅಡಿಲೇಡ್

ಅಕ್ಕಾ, ನಾನು ಅಡಿಲೇಡ್‌ನ ಒಂದು ಲ್ಯಾಬಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಕಾಡಿನಿಂದ ಬರುವ ಹಿಕ್ಕೆ, ಕೂದಲು, ಗಾಯ ಒರೆಸಿದ ಹತ್ತಿಕಡ್ಡಿ ಇವುಗಳಿಂದ ಡಿಎನ್ಎ ತೆಗೆಯುವುದು. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಅಜ್ಜಿ ಹೇಳಿದ್ದು ಸರಿ. ಕಚ್ಚಿದ ಜಾಗದ ಸುತ್ತಲಿನ ರೋಮಕ್ಕೆ ಎಂಜಲು ಮೆತ್ತಿಕೊಂಡಿರುತ್ತದೆ. ಎಂಜಲಿನ ಜೊತೆ ಕೊಂದ ಪ್ರಾಣಿಯ ಬಾಯೊಳಗಿನ ಜೀವಕೋಶಗಳೂ ಬಂದಿರುತ್ತವೆ. ಒದ್ದೆ ಮಾಡಿದ ಹತ್ತಿಕಡ್ಡಿಯಿಂದ ಅದನ್ನು ಒರೆಸಿ ತೆಗೆಯುತ್ತೇವೆ. ಗಾಯದ ಒಳಗೆ ಕಡ್ಡಿ ಹಾಕಿದರೆ ಬರುವುದು ಸತ್ತ ಪ್ರಾಣಿಯ ರಕ್ತ, ಅದರ ಡಿಎನ್ಎಯಲ್ಲಿ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ಗಾಯದ ಅಂಚು, ಅದರ ಸುತ್ತಲಿನ ರೋಮ ಮುಖ್ಯ. ಆಮೇಲೆ ಬೆಕ್ಕಿಗೆ, ನರಿಗೆ, ನಾಯಿಗೆ ಬೇರೆ ಬೇರೆ ಇರುವ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್ಎಯ ಒಂದು ಚಿಕ್ಕ ತುಣುಕನ್ನು ಪಿಸಿಆರ್ ಅನ್ನುವ ವಿಧಾನದಿಂದ ಲಕ್ಷಾಂತರ ಪ್ರತಿ ಮಾಡಿ ಓದುತ್ತೇವೆ. ಮೈಟೊಕಾಂಡ್ರಿಯವೇ ಯಾಕೆ ಅಂದರೆ ಒಂದೊಂದು ಜೀವಕೋಶದಲ್ಲೂ ಅದರ ನೂರಾರು ಪ್ರತಿಗಳಿರುತ್ತವೆ. ಬಿಸಿಲು, ಮಳೆ, ಇರುವೆ ಎಲ್ಲ ಸೇರಿ ಹಾಳು ಮಾಡಿದರೂ ಒಂದಷ್ಟು ಉಳಿದಿರುತ್ತದೆ. ಕಳೇಬರ ಹಳೆಯದಾದಷ್ಟೂ ಕಷ್ಟ. ಬೇಸಿಗೆಯಲ್ಲಿ ಬಯಲಲ್ಲಿ ಬಿದ್ದಿದ್ದರೆ ಬೇಗ ಕೈತಪ್ಪುತ್ತದೆ.

ಒಂದು ಕ್ವೆಂಡಾಕ್ಕೆ ಯಾರು ಮಾಡಿಸುತ್ತಾರೆ ಅಂತ ಮಂಜು ಅವರು ಕೇಳಿದ್ದಾರೆ. ಈ ವಿದ್ಯೆಯಿಂದ ನಿಮ್ಮ ರಾಜ್ಯದಲ್ಲೇ ದೊಡ್ಡದೊಂದು ಗಂಟು ಬಿಡಿಸಿದ್ದಾರೆ, ಅದನ್ನು ಹೇಳಲೇಬೇಕು. ವೊಯ್ಲಿ ಅಂತ ಒಂದು ಪ್ರಾಣಿ, ಒಂದು ಕಿಲೊ ಚಿಲ್ಲರೆ ತೂಗುವ ಪುಟ್ಟ ಕಾಂಗರೂವಿನಂಥದ್ದು. ನರಿಗಳಿಂದ ಅದು ಅಳಿಯುತ್ತಿದೆ ಅಂತ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1080 ಅನ್ನುವ ವಿಷ ಸೇರಿಸಿದ ಮಾಂಸದ ತುಂಡುಗಳನ್ನು ಕಾಡಿನಲ್ಲಿ ಹಾಕುತ್ತಾ ಬಂದರು. 1996ರಿಂದ ಅದು ರಾಜ್ಯದ ದೊಡ್ಡ ಕಾರ್ಯಕ್ರಮವೇ ಆಯಿತು. ಆ ವಿಷ ಅಲ್ಲಿನ ಕೆಲವು ಗಿಡಗಳಲ್ಲಿ ಸಹಜವಾಗಿಯೇ ಇದೆ, ಅಲ್ಲಿನ ಪ್ರಾಣಿಗಳಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಬಂದಿದೆ. ಹೊರಗಿನಿಂದ ಬಂದ ನರಿಗೆ ಇಲ್ಲ. ನರಿ ಕಡಿಮೆಯಾಯಿತು, ವೊಯ್ಲಿ ಹೆಚ್ಚಾಯಿತು. ಎಲ್ಲರೂ ಖುಷಿಪಟ್ಟರು. ಆದರೆ 1999ರ ನಂತರ ಏಳೆಂಟು ವರ್ಷದೊಳಗೆ ವೊಯ್ಲಿಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಾಯವಾದವು. ವಿಷ ಹಾಕುವುದು ನಿಂತಿರಲಿಲ್ಲ, ನರಿಯೂ ಮೊದಲಿನಷ್ಟು ಇರಲಿಲ್ಲ. ಹಾಗಾದರೆ ಯಾರು?

ಪರ್ತ್‌ನಿಂದ ಸುಮಾರು 160 ಕಿ.ಮೀ. ದೂರದ ಡ್ರಯಾಂಡ್ರಾ ಕಾಡು ಮತ್ತು ಟುಟಾನಿಂಗ್ ಅನ್ನುವ ಕಡೆ ನಿಕೋಲಾ ಮಾರ್ಲೊ ಮತ್ತು ಅವರ ಜೊತೆಯವರು ವೊಯ್ಲಿಗಳಿಗೆ ರೇಡಿಯೊ ಕಾಲರ್ ಹಾಕಿದರು. ಸತ್ತ ಕೂಡಲೇ ಹುಡುಕಿಕೊಂಡು ಹೋಗಿ ಮೈಯನ್ನೂ ಕಾಲರನ್ನೂ ಹತ್ತಿಕಡ್ಡಿಯಿಂದ ಒರೆಸಿ ತಂದರು. ಕಾಲರ್ ಯಾಕೆ ಅಂದರೆ ಕತ್ತು ಕಚ್ಚುವಾಗ ಹಲ್ಲು, ಎಂಜಲು ಎರಡೂ ಅದಕ್ಕೆ ತಾಗುತ್ತವೆ. ಬೇಟೆಗೆ ಬಲಿಯಾದ ವೊಯ್ಲಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ಕೊಂದದ್ದು ಬೆಕ್ಕು. ನರಿಯ ಪಾಲು ಸುಮಾರು ಐದರಲ್ಲಿ ಒಂದು. 2015ರಲ್ಲಿ ಇದು ಪ್ರಕಟವಾಯಿತು. ನರಿ ಹೋದ ಮೇಲೆ ಬೆಕ್ಕಿಗೆ ಹೆದರಿಕೆ ಇಲ್ಲದಾಯಿತು. ಮೈಮೇಲಿನ ಹಲ್ಲಿನ ಗುರುತು ನೋಡಿ ಊಹೆ ಮಾಡುತ್ತಾ ಕೂತಿದ್ದರೆ ಇನ್ನೂ ನರಿಯ ಹಿಂದೆಯೇ ಓಡುತ್ತಿರುತ್ತಿದ್ದರು. ನನಗೆ ಈ ಕೆಲಸದ ಮೇಲೆ ಇರುವ ಪ್ರೀತಿಗೆ ಕಾರಣವೇ ಈ ಒಂದು ಉದಾಹರಣೆ. ಹುಡುಕುವ ಪ್ರಶ್ನೆ ಸರಿಯಾಗಿದ್ದರೆ ಒಂದು ಹತ್ತಿಕಡ್ಡಿ ಇಡೀ ಯೋಜನೆಯ ದಿಕ್ಕು ಬದಲಿಸುತ್ತದೆ.

ಇನ್ನು ಗುಂಡನೇ ಅಂತ ಹೇಳಬಹುದೇ ಅನ್ನುವುದು. ಅದು ಇನ್ನೊಂದು ಮಟ್ಟದ ಕೆಲಸ. ತಾಯಿ, ಅವಳ ಮಕ್ಕಳು ಎಲ್ಲರ ಮೈಟೊಕಾಂಡ್ರಿಯ ಒಂದೇ ಆಗಿರುವುದರಿಂದ ಅದು ಸಾಲದು. ನ್ಯೂಕ್ಲಿಯಸ್‌ನಲ್ಲಿರುವ ಡಿಎನ್ಎಯಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳನ್ನು ಅಳೆಯಬೇಕು, ಮನುಷ್ಯರ ಅಪರಾಧ ಪತ್ತೆಯಲ್ಲಿ ಮಾಡುವ ಹಾಗೆಯೇ. ಬೆಕ್ಕಿಗೆ ಇದನ್ನು ಮೊದಲು ಮಾಡಿದ್ದು ಕೊಲೆ ಕೇಸೊಂದರಲ್ಲಿ. 1994ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಒಂದು ಹೆಂಗಸಿನ ಕೊಲೆಯಾಯಿತು. ರಕ್ತ ಹತ್ತಿದ ಚರ್ಮದ ಜಾಕೆಟ್ಟಿನಲ್ಲಿ ಬಿಳಿ ಕೂದಲು ಸಿಕ್ಕವು. ಅವು ಶಂಕಿತನ ಮನೆಯ ಸ್ನೋಬಾಲ್ ಅನ್ನುವ ಬೆಕ್ಕಿನದ್ದು ಅಂತ ಅಮೆರಿಕದಲ್ಲಿ ಬೆಕ್ಕಿನ ವಂಶವಾಹಿ ಅಧ್ಯಯನ ಮಾಡುತ್ತಿದ್ದ ಮೆನೊಟ್ಟಿ-ರೇಮಂಡ್ ಮತ್ತು ಓಬ್ರಿಯನ್ ತೋರಿಸಿಕೊಟ್ಟರು. ಹಾಗಾಗಿ ದಾರಿ ಇದೆ. ಆದರೆ ಎಂಜಲಿನಲ್ಲಿ ನ್ಯೂಕ್ಲಿಯಸ್‌ನ ಡಿಎನ್ಎ ಕಡಿಮೆ, ಬೇಗ ಕೆಡುತ್ತದೆ. ಹೋಲಿಸಲು ಗುಂಡನ ಕೆನ್ನೆಯೊಳಗಿನ ಮಾದರಿಯೂ ಬೇಕು. ಇನ್ನೊಂದು ವಿಷಯ ನೋಡಿ: ನೀವು ಆ ಮರಿಯನ್ನು ಕೈಯಲ್ಲಿ ಎತ್ತಿದ್ದರೆ, ನಿಮ್ಮ ಬಟ್ಟೆಯಿಂದ ಗುಂಡನ ಕೂದಲು ಉದುರಿ ಅದರ ಮೇಲೆ ಬಿದ್ದಿರಬಹುದು. ಅಲ್ಲಿಗೆ ಆ ಮಾದರಿಗೆ ಬೆಲೆ ಇಲ್ಲ.

ಬೆಕ್ಕಿನ ಡಿಎನ್ಎ ಸಿಕ್ಕಿತು ಅಂದರೆ ಬೆಕ್ಕು ಬಾಯಿ ಹಾಕಿದೆ ಅಂತ ಮಾತ್ರ. ಬೇರೆ ಏನೋ ಕೊಂದದ್ದನ್ನು ಆಮೇಲೆ ಮೂಸಿ ನೆಕ್ಕಿರಲೂಬಹುದು. ಅದಕ್ಕೇ ಕಳೇಬರದ ಚರ್ಮ ಬಿಡಿಸಿ ಹಲ್ಲು ಊರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡುತ್ತಾರೆ. ಜೀವ ಇರುವಾಗ ಕಚ್ಚಿದ್ದರೆ ಮಾತ್ರ ಆ ಕಲೆ ಇರುತ್ತದೆ. ಎರಡೂ ಸೇರಿದರೆ ಮಾತು ಗಟ್ಟಿ.

ಹಿಕ್ಕೆಯ ವಿಷಯ ಇದಕ್ಕಿಂತ ಸ್ವಾರಸ್ಯ. ಹಿಂದೆ ಹಿಕ್ಕೆಯನ್ನು ತೊಳೆದು, ಅದರೊಳಗಿನ ಕೂದಲು, ಮೂಳೆ, ಗರಿ, ಹಲ್ಲಿಯ ಹುರುಪೆ ಆರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಈಗಲೂ ನೋಡುತ್ತಾರೆ, ಅದು ಬಿಡುವ ಕೆಲಸ ಅಲ್ಲ. ಆದರೆ ಗರಿ ಮೂಡದ ಹಕ್ಕಿಮರಿ, ಕಪ್ಪೆ ಇಂಥವು ಹೊಟ್ಟೆಗೆ ಹೋದರೆ ಗುರುತೇ ಉಳಿಯುವುದಿಲ್ಲ. ಈಗ ಮೆಟಾಬಾರ್‌ಕೋಡಿಂಗ್ ಅನ್ನುವ ಡಿಎನ್ಎ ವಿಧಾನದಲ್ಲಿ ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಿಗೂ ಅಂಟುವ ಪ್ರೈಮರ್ (ಡಿಎನ್ಎಯಲ್ಲಿ ಬೇಕಾದ ಜಾಗಕ್ಕೆ ಹೋಗಿ ಕೂರುವ ಚಿಕ್ಕ ಎಳೆ) ಹಾಕಿ ನೂರು ಅಕ್ಷರದಷ್ಟು ಚಿಕ್ಕ ತುಣುಕುಗಳನ್ನು ಒಟ್ಟಿಗೇ ಓದುತ್ತೇವೆ. ಹೊಟ್ಟೆಯ ಆಮ್ಲದಲ್ಲಿ ಉದ್ದದ ಡಿಎನ್ಎ ಉಳಿಯುವುದಿಲ್ಲ, ಅದಕ್ಕೆ ಚಿಕ್ಕ ತುಣುಕು. ಹಿಕ್ಕೆಯಲ್ಲಿ ಬೆಕ್ಕಿನದೇ ಡಿಎನ್ಎ ರಾಶಿ ಇರುತ್ತದೆ, ಅದನ್ನು ತಡೆಹಿಡಿಯುವುದಕ್ಕೂ ಒಂದು ಪ್ರೈಮರ್ ಇದೆ. ಕೊನೆಗೆ ಸಿಕ್ಕ ತುಣುಕುಗಳನ್ನು ದತ್ತಾಂಶ ಸಂಗ್ರಹದಲ್ಲಿರುವ ಜಾತಿಗಳ ಜೊತೆ ಹೋಲಿಸುವುದು. ಅಲ್ಲಿನ ಹಾವುರಾಣಿಯ ಯಾವುದೋ ಒಂದು ಜಾತಿಯನ್ನು ಯಾರೂ ಅದರಲ್ಲಿ ಸೇರಿಸಿಲ್ಲ ಅಂದರೆ, “ಹಾವುರಾಣಿಯ ಕುಟುಂಬದ್ದು” ಅನ್ನುವಲ್ಲಿಗೆ ನಮ್ಮ ಉತ್ತರ ನಿಲ್ಲುತ್ತದೆ.

ಈ ಪಟ್ಟಿಯನ್ನು ಓದುವಾಗ ಜಾಗ್ರತೆ ಬೇಕು. ಮನೆ ಬೆಕ್ಕಿನ ಹಿಕ್ಕೆಯಲ್ಲಿ ಕೋಳಿ, ದನ, ಕುರಿ, ಮೀನು ಎಲ್ಲ ಬರುತ್ತದೆ, ಅದು ಡಬ್ಬಿಯ ಊಟ. ಕಾಂಗರೂ ಬಂದರೂ ಬೇಟೆ ಅಲ್ಲ. ಇಲ್ಲಿ ಬೆಕ್ಕಿನ ಆಹಾರದಲ್ಲಿ ಕಾಂಗರೂ ಮಾಂಸ ಹಾಕುತ್ತಾರೆ, ಪೊಟ್ಟಣದ ಹಿಂದೆ ಬರೆದಿರುತ್ತದೆ ನೋಡಿ. ಜೊತೆಗೆ, ಡಿಎನ್ಎ ಎಷ್ಟು ಸಿಕ್ಕಿತು ಅನ್ನುವುದರಿಂದ ಎಷ್ಟು ಪ್ರಾಣಿ ತಿಂದಿತು ಅಂತ ಹೇಳಲು ಆಗುವುದಿಲ್ಲ. ಒಂದು ಹಕ್ಕಿಯೋ ಮೂರೋ, ಹಿಕ್ಕೆ ಹೇಳುವುದಿಲ್ಲ. ಕೊಂದು ಅಲ್ಲೇ ಬಿಟ್ಟುಬಂದದ್ದಂತೂ ಹಿಕ್ಕೆಗೆ ಬರುವುದೇ ಇಲ್ಲ.

ಅಕ್ಕಾ, ನೀವು “ಮನೆಗೆ ತಂದದ್ದು ಅಷ್ಟೇ” ಅಂತ ಬರೆದಿದ್ದೀರಲ್ಲ, ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಅದರ ಬಗ್ಗೆಯೇ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು 55 ಸಾಕುಬೆಕ್ಕುಗಳ ಕತ್ತಿಗೆ ಚಿಕ್ಕ ಕ್ಯಾಮೆರಾ ಕಟ್ಟಿ ನೋಡಿದರು, 2013ರಲ್ಲಿ ಪ್ರಕಟವಾಯಿತು. ಬೇಟೆಯಾಡಿದ್ದು ನೂರಕ್ಕೆ 44 ಬೆಕ್ಕು. ಅವು ಹಿಡಿದದ್ದರಲ್ಲಿ ಮನೆಗೆ ತಂದದ್ದು ಕಾಲು ಭಾಗಕ್ಕಿಂತಲೂ ಕಡಿಮೆ. ಸುಮಾರು ಅರ್ಧದಷ್ಟನ್ನು ಸಿಕ್ಕಲ್ಲೇ ಬಿಟ್ಟವು, ಉಳಿದದ್ದನ್ನು ತಿಂದವು. ಅಂದರೆ ನೀವು ನೋಡಿದ ಆ ಒಂದೆರಡು ಇಲಿಗೆ ಹಿಂದೆ ಇನ್ನೂ ಇರಬಹುದು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ.

ಈ ಒಂದು ಮರಿಯನ್ನು ಕೊಂದದ್ದು ಗುಂಡನೋ ಅಲ್ಲವೋ ಅಂತ ಪರೀಕ್ಷೆ ಮಾಡಿಸುವ ಗೋಜಿಗೆ ಹೋಗಬೇಡಿ. ಲ್ಯಾಬುಗಳು ಸಂಶೋಧನೆಗೆ, ಸಂರಕ್ಷಣೆಯ ಕೆಲಸಕ್ಕೆ ಇದನ್ನು ಮಾಡುತ್ತವೆ, ನೆರೆಹೊರೆಯ ವ್ಯಾಜ್ಯ ತೀರಿಸಲು ಅಲ್ಲ. “ಗುಂಡ ಅಲ್ಲ” ಅಂತ ಉತ್ತರ ಬಂದರೂ ನಾಳೆ ಅವನು ಅದೇ ಪೊದೆಯ ಹತ್ತಿರ ಕೂತಿರುತ್ತಾನೆ.

---

ಮೆಲ್ಬರ್ನ್_ಮಂಜು

ಇಷ್ಟು ವಿವರ ಗೊತ್ತಿರಲಿಲ್ಲ, ಧನ್ಯವಾದ. ಆದರೂ ಗಂಟೆ ಕಟ್ಟಿದರೆ ಉಪಯೋಗವೇ ಇಲ್ಲ ಅನ್ನುತ್ತೀರಾ?

---

ಶಿರಸಿಯಿಂದ_ಅಡಿಲೇಡ್

ಮಂಜು ಅವರೇ, ಇದನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಮನೆಮನೆಯ ಬೆಕ್ಕುಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ್ದಾರೆ. ಗಂಟೆಯಿಂದ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಮಾಂಸ ಹೆಚ್ಚಿರುವ, ಧಾನ್ಯ ಇಲ್ಲದ ಊಟ ಹಾಕಿದಾಗ ಮನೆಗೆ ತರುವ ಬೇಟೆ ನೂರಕ್ಕೆ 36ರಷ್ಟು ಇಳಿಯಿತು. ದಿನಾ ಐದು ಹತ್ತು ನಿಮಿಷ ಗರಿಯ ಆಟಿಕೆ ಹಿಡಿದು ಆಡಿಸಿದಾಗ 25ರಷ್ಟು. ಕತ್ತಿಗೆ ಗಾಢ ಬಣ್ಣದ ಬಟ್ಟೆಯ ಪಟ್ಟಿ ಹಾಕಿದರೆ ಹಕ್ಕಿಗಳು ಉಳಿಯುತ್ತವೆ, 42ರಷ್ಟು ಇಳಿಕೆ. ಆದರೆ ಅದು ಇಲಿ, ಕ್ವೆಂಡಾ ಇವಕ್ಕೆ ಪ್ರಯೋಜನ ಇಲ್ಲ, ರಾತ್ರಿಯಲ್ಲಿ ಬಣ್ಣ ಯಾರಿಗೆ ಕಾಣುತ್ತದೆ. ನೆನಪಿರಲಿ, ಇವೆಲ್ಲ ಮನೆಗೆ ತಂದದ್ದರ ಲೆಕ್ಕ.

---

ಕಲಾಮುಂಡಾ_ಕನ್ನಡತಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದಿ ಮನೆಯಲ್ಲೂ ಮಾತಾಡಿದೆವು. ನಮ್ಮವರು ಹಿಂದಿನ ಜಗುಲಿಗೆ ಬಲೆ ಹೊಡೆದು ಬೆಕ್ಕಿಗೆ ಅಂತ ಜಾಗ ಮಾಡೋಣ ಅನ್ನುತ್ತಿದ್ದಾರೆ, ಇಲ್ಲಿ ಸುಮಾರು ಜನ ಹಾಗೆ ಮಾಡಿಸಿದ್ದಾರೆ. ಐದು ವರ್ಷ ಹೊರಗೆ ತಿರುಗಿದವನು ಒಳಗಿರುತ್ತಾನಾ ಅಂತ ಭಯ ನನಗೆ. ಆ ಮರಿಯನ್ನು ಅಜ್ಜಿ ಆಗಲೇ ಹೂತುಬಿಟ್ಟಿದ್ದಾರೆ. ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು?

---

ಸಾಗರದ_ಮೇಷ್ಟ್ರು

ಈ ಚರ್ಚೆ ಓದಿ ನನ್ನದೂ ಒಂದು ಪ್ರಶ್ನೆ. ನಾನು ಸಾಗರದ ಹತ್ತಿರದ ಹಳ್ಳಿಯಲ್ಲಿ ಹೈಸ್ಕೂಲು ವಿಜ್ಞಾನ ಮೇಷ್ಟ್ರು. ನಮ್ಮಲ್ಲಿ ಬೆಕ್ಕಿಲ್ಲದ ಮನೆ ಇಲ್ಲ. ಅಡಿಕೆ ಚೀಲ, ಭತ್ತದ ಕಣಜ ಇರುವ ಮನೆಯಲ್ಲಿ ಇಲಿ ಕಾಯಲು ಬೆಕ್ಕು ಬೇಕೇ ಬೇಕು. ಅದನ್ನು ಒಳಗೆ ಕೂಡಿಹಾಕಿ ಅಂದರೆ ಜನ ಒಪ್ಪುವುದಿಲ್ಲ, ಒಪ್ಪಬೇಕಾದ ಕಾರಣವೂ ನನಗೆ ಪೂರ್ತಿ ಕಾಣುತ್ತಿಲ್ಲ. ಆದರೆ ಅಂಗಳದಲ್ಲಿ ಮಡಿವಾಳ ಹಕ್ಕಿಯ ಮರಿ ಹಾರಲು ಕಲಿಯುವ ಹೊತ್ತಿಗೆ ಬೆಕ್ಕು ಹೊಂಚು ಹಾಕುವುದನ್ನು ನೋಡಿದ್ದೇನೆ. ಓತಿಕ್ಯಾತ, ಹಾವುರಾಣಿ, ಅಳಿಲು ಎಲ್ಲವನ್ನೂ ಹಿಡಿಯುತ್ತದೆ.

ತೋಟದ ದಾರಿಯಲ್ಲಿ, ಕಲ್ಲಿನ ಮೇಲೆ ಹಿಕ್ಕೆ ಸಿಗುತ್ತದೆ. ಮಕ್ಕಳ ಜೊತೆ ಇದನ್ನು ಸಂಗ್ರಹಿಸಿ ನಮ್ಮ ಊರಿನ ಬೆಕ್ಕು ಏನು ತಿನ್ನುತ್ತದೆ ಅಂತ ತಿಳಿಯಬಹುದೇ? ನಮ್ಮ ಕಡೆ ಕಾಡುಬೆಕ್ಕು, ಚಿರತೆಬೆಕ್ಕು, ಪುನುಗು ಎಲ್ಲ ಇವೆ. ಹಿಕ್ಕೆ ಯಾರದ್ದು ಅಂತ ನೋಡಿ ಹೇಳುವುದು ನನ್ನಿಂದ ಆಗುತ್ತಿಲ್ಲ.

---

ಶಿರಸಿಯಿಂದ_ಅಡಿಲೇಡ್

ಅಕ್ಕಾ, ಮೊದಲು ನಿಮ್ಮದು. ಹೊರಗೆ ತಿರುಗಿ ರೂಢಿಯಾದ ಬೆಕ್ಕನ್ನು ಒಂದೇ ದಿನ ಕೂಡಿಹಾಕಬೇಡಿ. ಸಂಜೆ ಊಟದ ಹೊತ್ತಿಗೆ ಒಳಗೆ ಕರೆದು ಬೆಳಗಿನವರೆಗೆ ಬಿಡದಿರುವುದರಿಂದ ಶುರು ಮಾಡಿ. ಕ್ವೆಂಡಾ ಹೆಚ್ಚಾಗಿ ಮುಸ್ಸಂಜೆಯಿಂದ ಮುಂದೆ ಓಡಾಡುವುದರಿಂದ ಅಷ್ಟಕ್ಕೇ ದೊಡ್ಡ ಉಪಕಾರವಾಗುತ್ತದೆ. ಜಗುಲಿ ಸಿದ್ಧವಾದ ಮೇಲೆ ಹಗಲೂ ಅಲ್ಲಿ. ಏರಿ ಕೂರಲು ಎತ್ತರದ ಹಲಗೆ ಇರಲಿ, ಬೆಕ್ಕಿಗೆ ನೆಲಕ್ಕಿಂತ ಎತ್ತರ ಇಷ್ಟ. ಇನ್ನೊಮ್ಮೆ ಸತ್ತ ಪ್ರಾಣಿ ಕಂಡರೆ ಮುಟ್ಟದೆ ಫೋಟೊ ತೆಗೆದು ಕೌನ್ಸಿಲ್‌ನ ರೇಂಜರ್‌ಗೆ ತಿಳಿಸಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಗುತ್ತಿದೆ ಅಂದರೆ ಆಗ ಅದಕ್ಕೆ ಅರ್ಥ ಬೇರೆ. ಇಲ್ಲಿನ ಫ್ಲಿಂಡರ್ಸ್ ಬೆಟ್ಟಗಳಲ್ಲಿ 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ತಂದು ಬಿಟ್ಟ ಕ್ವೋಲ್‌ಗಳು (ಹೊಟ್ಟೆಚೀಲದ, ಮಾಂಸ ತಿನ್ನುವ ಪುಟ್ಟ ಪ್ರಾಣಿ) ಸಾಯತೊಡಗಿದಾಗ ಡಿಎನ್ಎ ಬೆಕ್ಕನ್ನೇ ತೋರಿಸಿತು. ಕ್ಯಾಥರಿನ್ ಮೋಸ್ಬಿ ಮತ್ತವರ ತಂಡ ಇಂಥ ಹಲವು ಪ್ರಕರಣ ನೋಡಿ ಹೇಳಿದ್ದು ಇಷ್ಟು: ಎಲ್ಲ ಬೆಕ್ಕೂ ಒಂದೇ ಅಲ್ಲ, ದೊಡ್ಡ ಮೈಕಟ್ಟಿನ, ಒಮ್ಮೆ ರುಚಿ ಕಂಡ ಕೆಲವೇ ಗಂಡು ಬೆಕ್ಕುಗಳು ಒಂದು ಗುಂಪನ್ನೇ ಮುಗಿಸಬಲ್ಲವು. ಅಂಥ ಕಡೆ ಯಾವ ಬೆಕ್ಕು ಅಂತ ಹುಡುಕುವುದು ಬೇಕಾಗುತ್ತದೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಮ್ಮದೂ ಅಡಿಕೆ ತೋಟದ ಮನೆ, ಇಲಿಯ ಕಾಟ ಏನು ಅಂತ ಗೊತ್ತು. ಆಸ್ಟ್ರೇಲಿಯಾಕ್ಕೆ ಬೆಕ್ಕು ಯುರೋಪಿನವರ ಜೊತೆ ಬಂದದ್ದು, ಅಲ್ಲಿಯ ಸಣ್ಣ ಪ್ರಾಣಿಗಳಿಗೆ ಅದರ ಪರಿಚಯವೇ ಇರಲಿಲ್ಲ. ನಮ್ಮ ಮಲೆನಾಡಿನ ಹಕ್ಕಿ, ಅಳಿಲು ಕಾಡುಬೆಕ್ಕಿನ ಜೊತೆ ಲಕ್ಷಾಂತರ ವರ್ಷ ಬದುಕಿವೆ. ಆದ್ದರಿಂದ ಅಲ್ಲಿನ ತೀರ್ಮಾನವನ್ನು ಹಾಗೇ ಎತ್ತಿ ಇಲ್ಲಿ ಇಡುವುದು ತಪ್ಪು. ಹಾಗಂತ ತೊಂದರೆಯೇ ಇಲ್ಲ ಅನ್ನುವುದೂ ಸರಿಯಲ್ಲ. ಕಾಡುಬೆಕ್ಕಿಗೆ ಇಲಿ ಕಡಿಮೆಯಾದರೆ ಅದರ ಸಂಖ್ಯೆಯೂ ಇಳಿಯುತ್ತದೆ. ಮನೆ ಬೆಕ್ಕಿಗೆ ಹಾಲು ಅನ್ನ ಸಿಗುತ್ತಲೇ ಇರುವುದರಿಂದ ಅದು ಇಳಿಯುವುದಿಲ್ಲ. ಒಂದೇ ಕೇರಿಯಲ್ಲಿ ಹತ್ತಾರು ಬೆಕ್ಕು ಇರಲು ಸಾಧ್ಯವಾಗುವುದು ಅದಕ್ಕೇ. ನಮ್ಮ ಊರುಗಳಲ್ಲಿ ಇದನ್ನು ಕೂತು ಅಳೆಯಬೇಕಾದ ಅಗತ್ಯ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಿಕ್ಕೆ ಯಾರದ್ದು ಅನ್ನುವುದನ್ನೂ ಡಿಎನ್ಎಯಿಂದಲೇ ತಿಳಿಯುವುದು. ಭಾರತದಲ್ಲಿ ಇದಕ್ಕೆ ಒಳ್ಳೆಯ ಪರಂಪರೆ ಇದೆ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ವರ್ಮಾ ಮತ್ತು ಲಾಲ್‌ಜಿ ಸಿಂಗ್ 2003ರಲ್ಲೇ ಯಾವ ಪ್ರಾಣಿಯ ಮಾಂಸ ಅಂತ ಪತ್ತೆ ಮಾಡುವ ಪ್ರೈಮರ್‌ಗಳನ್ನು ಪ್ರಕಟಿಸಿದರು. 2010ರಲ್ಲಿ ಶೋಮಿತಾ ಮುಖರ್ಜಿ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮತ್ತಿತರರು ದೇಶದ ಬೇರೆ ಬೇರೆ ಕಡೆಯ ಹಿಕ್ಕೆಗಳಿಂದಲೇ ಕಾಡುಬೆಕ್ಕು, ಚಿರತೆಬೆಕ್ಕುಗಳ ವಂಶವಾಹಿಯನ್ನು ಹೋಲಿಸಿದರು. ನಡುಭಾರತದ ಬಿಸಿಲು ಚಿರತೆಬೆಕ್ಕಿಗೆ ಅಡ್ಡವಾಗಿ ನಿಂತಿದೆ, ಕಾಡುಬೆಕ್ಕಿಗೆ ಹಾಗಿಲ್ಲ ಅಂತ ಅದರಿಂದ ಗೊತ್ತಾಯಿತು.

ಮಕ್ಕಳ ಜೊತೆ ಮಾಡುವುದಾದರೆ ಮನೆ ಬೆಕ್ಕುಗಳಿಂದ ಶುರು ಮಾಡಿ. ಯಾವ ಮನೆಯಲ್ಲಿ ಎಷ್ಟು ಬೆಕ್ಕು, ಏನು ಊಟ, ಏನು ಹಿಡಿದು ತಂದಿತು ಅಂತ ಒಂದು ವರ್ಷ ಪುಸ್ತಕದಲ್ಲಿ ಬರೆಸಿ. ಡಿಎನ್ಎ ಇಲ್ಲದೆಯೂ ಅದಕ್ಕೆ ಬೆಲೆ ಇದೆ, ಮುಂದೆ ಡಿಎನ್ಎ ಫಲಿತಾಂಶ ಓದಲು ಅದೇ ಆಧಾರ. ಹಿಕ್ಕೆಯನ್ನು ಮಾತ್ರ ಮಕ್ಕಳ ಕೈಯಲ್ಲಿ ಮುಟ್ಟಿಸಬೇಡಿ. ಬೆಕ್ಕಿನ ಹಿಕ್ಕೆಯಲ್ಲಿ ಟೊಕ್ಸೊಪ್ಲಾಸ್ಮಾ ಅನ್ನುವ, ರೋಗ ತರುವ ಪರಾವಲಂಬಿ ಜೀವಿ ಇರಬಹುದು, ಬಸುರಿಯರಂತೂ ಹತ್ತಿರವೂ ಹೋಗಬಾರದು. ಕಾಡುಪ್ರಾಣಿಯ ಹಿಕ್ಕೆ ಎತ್ತುವ ಮೊದಲು ಅರಣ್ಯ ಇಲಾಖೆಯನ್ನು ಕೇಳಿ, ಯಾವುದಾದರೂ ಸಂಶೋಧನಾ ಸಂಸ್ಥೆ ಜೊತೆಗಿದ್ದರೆ ಅನುಮತಿ ಸುಲಭ. ಮಾದರಿ ತಾಜಾ ಇರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಒಂದೇ ರಾತ್ರಿಗೆ ತೊಳೆದುಹೋಗುತ್ತದೆ, ಆದ್ದರಿಂದ ಪುಷ್ಯ ಮಾಘದ ಹೊತ್ತು ಒಳ್ಳೆಯದು. ಕೈಗವಸು ಹಾಕಿ, ಹೊಸ ಕಡ್ಡಿಯಿಂದ ಹೊರಪದರವನ್ನು ಸ್ವಲ್ಪ ಕೆರೆದು ಒಂದು ಸೀಸೆಗೆ, ಒಳಭಾಗವನ್ನು ಇನ್ನೊಂದಕ್ಕೆ. ಹೊರಗಿನದ್ದರಲ್ಲಿ ಹಿಕ್ಕೆ ಹಾಕಿದ ಪ್ರಾಣಿಯ ಡಿಎನ್ಎ ಚೆನ್ನಾಗಿ ಸಿಗುತ್ತದೆ, ಒಳಗಿನದ್ದರಲ್ಲಿ ತಿಂದದ್ದು. ಎರಡಕ್ಕೂ ಮುಳುಗುವಷ್ಟು ಎಥನಾಲ್ ಹಾಕಿ. ದಿನಾಂಕ, ಜಾಗ, ಸಂಗ್ರಹಿಸಿದವರ ಹೆಸರನ್ನು ಪೆನ್ಸಿಲಿನಲ್ಲೇ ಬರೆದು ಅಂಟಿಸಿ, ಎಥನಾಲ್ ತಾಗಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.